ಕೋಟೆಗೂ ರೂಯಿನ್, ಅಡಿಕೆಗೂ ರೂಯಿನ್?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರ ಅಡಿಕೆ ತೋಟದವರು. ಮನೆಯಲ್ಲೇ ಎರಡು ಕೋಣೆ ಬಿಟ್ಟುಕೊಟ್ಟು ಹೋಂಸ್ಟೇ ನಡೆಸುತ್ತಿದ್ದೇವೆ. ಗೇಟಿನ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ‘ನಗರ ಫೋರ್ಟ್ ರೂಯಿನ್’ ಎಂದು ಬರೆಸಿ ಬಾಣದ ಗುರುತು ಹಾಕಿಸಿದೆ. ಮಾವನವರು ನೋಡಿ, “ಏನಮ್ಮಾ, ಕೋಟೆಗೆ ಹಾಳು ಅಂತ ಬೋರ್ಡ್ ಹಾಕ್ತಾರಾ?” ಎಂದರು. ಈ ಮಳೆಗಾಲ ಅಡಿಕೆಗೆ ಕೊಳೆರೋಗ ಬಂದು ಬೆಳೆ ಹೋಯಿತು, ಸಾಲದ ಕಂತು ಮುಂದೂಡಿ ಎಂದು ಬ್ಯಾಂಕಿಗೆ ಬರೆದ ಪತ್ರದಲ್ಲೂ ಅದೇ ಪದ ಬಂದಿದೆ: ‘ಮೈ ಅರೆಕಾ ಈಸ್ ರೂಯಿನ್ಡ್. ಐ ಆಮ್ ರೂಯಿನ್ಡ್.’ ಮಗಳು ಓದಿ ನಕ್ಕಳು, ಯಾಕೆಂದು ಹೇಳಲಿಲ್ಲ. ಅತಿಥಿಯೊಬ್ಬರು ಪುಸ್ತಕದಲ್ಲಿ ‘ರೈನ್ ರೂಯಿನ್ಡ್ ಅವರ್ ಪ್ಲಾನ್ಸ್’ ಎಂದು ಬರೆದು ಹೋಗಿದ್ದಾರೆ. ಬೇಜಾರಾಗಿ ಹೋದರೇನೋ ಎನ್ನಿಸುತ್ತಿದೆ. ಈ ಪದವನ್ನು ಎಲ್ಲಿ, ಹೇಗೆ ಬಳಸಬೇಕು?

ಉತ್ತರ: ಪತ್ರ ಇನ್ನೂ ಮನೆಯಲ್ಲೇ ಇದ್ದರೆ ಹಾಗೇ ಕೊಡಬೇಡಿ, ಎರಡು ವಾಕ್ಯ ತಿದ್ದಿ ಕೊಡಿ. ಬೋರ್ಡಿನದು ಒಂದಕ್ಷರದ ರಿಪೇರಿ, ಅವಸರವಿಲ್ಲ. ಅತಿಥಿಯ ಮಾತಿಗೆ ಬೇಜಾರು ಮಾಡಿಕೊಳ್ಳುವ ಕಾರಣವೇ ಇಲ್ಲ.

ಪತ್ರದಿಂದಲೇ ಶುರು ಮಾಡೋಣ, ದುಡ್ಡಿನ ವಿಷಯ. ‘ಐ ಆಮ್ ರೂಯಿನ್ಡ್’ ಎಂದು ಒಬ್ಬ ವ್ಯಕ್ತಿ ತನ್ನ ಬಗ್ಗೆ ಹೇಳಿಕೊಂಡರೆ, ಅದೂ ಹಣಕಾಸಿನ ಮಾತು ನಡೆಯುವಾಗ, ಇಂಗ್ಲಿಷಿನಲ್ಲಿ ಅದಕ್ಕಿರುವುದು ಒಂದೇ ಅರ್ಥ: ನಾನು ದಿವಾಳಿಯಾಗಿದ್ದೇನೆ. ನಮ್ಮ ಕಡೆ ‘ಕೆಟ್ಟೆ ಕಣ್ರೀ’, ‘ಮುಳುಗಿ ಹೋದೆ’ ಎಂದರೆ ಕೇಳುವವರಿಗೆ ಗೊತ್ತು, ಅದರಲ್ಲಿ ಅರ್ಧ ಸಂಕಟ, ಅರ್ಧ ಮಾತಿನ ರೂಢಿ. ಹಾಗೆಂದವರೇ ಮರುದಿನ ಸಂತೆಗೂ ಬರುತ್ತಾರೆ, ಮದುವೆಗೂ ಹೋಗುತ್ತಾರೆ. ಹೊರರಾಜ್ಯದಿಂದ ವರ್ಗವಾಗಿ ಬಂದ ಮ್ಯಾನೇಜರು ನಿಮ್ಮ ಪತ್ರದಲ್ಲಿ ಆ ರೂಢಿಯನ್ನು ಕಾಣಲಾರರು. ನೀವು ಕೇಳುತ್ತಿರುವುದು ಗಡುವು. ಪತ್ರ ಹೇಳುತ್ತಿರುವುದು ‘ನಿಮ್ಮ ಸಾಲ ಇನ್ನು ವಾಪಸು ಬರುವುದಿಲ್ಲ’ ಎಂದು. ಮಗಳು ನಕ್ಕಿದ್ದು ಇದಕ್ಕೇ ಇರಬೇಕು.

ಹಣದ ಲೋಕದಲ್ಲಿ ಈ ಪದ ಎಷ್ಟು ಕಟ್ಟುನಿಟ್ಟಿನದು ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ಸಂಭವನೀಯತೆಯ ಗಣಿತದಲ್ಲಿ ‘ಗ್ಯಾಂಬ್ಲರ್ಸ್ ರೂಯಿನ್’ ಎಂಬ ಹಳೆಯ ಲೆಕ್ಕವಿದೆ. ಕೈಯಲ್ಲಿ ಇಷ್ಟೇ ಎಂದು ದುಡ್ಡಿರುವ ಜೂಜುಗಾರ, ಖಾಲಿಯಾಗದ ಚೀಲದ ಎದುರಾಳಿಯೊಂದಿಗೆ ಆಡುತ್ತಲೇ ಹೋದರೆ, ಆಟದಲ್ಲಿ ಮೋಸವೇ ಇಲ್ಲದಿದ್ದರೂ ಕೊನೆಗೊಮ್ಮೆ ಬರಿಗೈಯಾಗುತ್ತಾನೆ. ಇದೇ ದಾರಿಯಲ್ಲಿ ಸ್ವೀಡನ್ನಿನ ಫಿಲಿಪ್ ಲುಂಡ್‌ಬರ್ಗ್ 1903ರ ತನ್ನ ಪ್ರಬಂಧದಲ್ಲಿ ವಿಮಾ ಸಂಸ್ಥೆಗಳ ಲೆಕ್ಕಕ್ಕೆ ತಳಪಾಯ ಹಾಕಿದ. ಅದು ಮುಂದೆ ಬೆಳೆದು ‘ರೂಯಿನ್ ಥಿಯರಿ’ ಎಂಬ ಶಾಸ್ತ್ರವಾಯಿತು. ಕಂತುಗಳು ಬರುತ್ತಿರುತ್ತವೆ, ಪರಿಹಾರಗಳು ಹೋಗುತ್ತಿರುತ್ತವೆ, ಕೈಯಲ್ಲಿನ ಹಣ ಸೊನ್ನೆಗಿಂತ ಕೆಳಗೆ ಇಳಿದ ಕ್ಷಣವೇ ರೂಯಿನ್. ಬ್ಯಾಂಕು, ವಿಮೆಯವರ ಕಿವಿಗೆ ಈ ಪದ ಹೇಗೆ ಕೇಳಿಸುತ್ತದೆ ಎಂದು ಇದರಿಂದಲೇ ಊಹಿಸಬಹುದು.

ಇನ್ನು ‘ಮೈ ಅರೆಕಾ ಈಸ್ ರೂಯಿನ್ಡ್’. ಇಲ್ಲಿ ತೊಂದರೆ ಎರಡು. ಬರೀ ‘ಅರೆಕಾ’ ಎಂದರೆ ಓದುವವರಿಗೆ ಮರ ಕಣ್ಣ ಮುಂದೆ ಬರುತ್ತದೆ. ತೋಟಕ್ಕೆ ತೋಟವೇ ಹೋಯಿತೆಂದುಕೊಳ್ಳುತ್ತಾರೆ. ಕೊಳೆಯಲ್ಲಿ ಆಗುವುದು ಏನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡುಹಸಿರು ಮಚ್ಚೆ ಏಳುತ್ತದೆ, ಎಳೆಗಾಯಿ ಉದುರಲು ಶುರುವಾಗುತ್ತದೆ, ಬಿದ್ದ ಕಾಯಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೂರು ಲೀಟರ್ ನೀರು ಎಂದು ಹದ ಹಿಡಿದು ಬೋರ್ಡೋ ದ್ರಾವಣ ಕಲಸಿಕೊಂಡರೂ, ಎರಡನೇ ಸುತ್ತು ಹೊಡೆಯಲು ಮಳೆ ಬಿಡುವು ಕೊಡದಿದ್ದರೆ ಮರದ ಬುಡದಲ್ಲಿ ಕಾಯಿಯೇ ಕಾಯಿ. ಆದರೆ ಮರ ನಿಂತಿರುತ್ತದೆ. ಬರುವ ವರ್ಷ ಮತ್ತೆ ಸಿಂಗಾರ ಒಡೆಯುತ್ತದೆ. ರೋಗ ಸುಳಿಗೆ ಇಳಿದರೆ ಮಾತ್ರ ಮರ ಸಾಯುತ್ತದೆ, ಆಗ ಅದಕ್ಕೆ ಇಂಗ್ಲಿಷಿನಲ್ಲಿ ‘ಕಿಲ್ಡ್’ ಎಂದೇ ಬರೆಯಬೇಕು. ನಿಮ್ಮದು ಬೆಳೆ ಹೋದದ್ದಾದ್ದರಿಂದ ‘ಕ್ರಾಪ್’ ಎಂಬ ಪದ ವಾಕ್ಯದಲ್ಲಿ ಇರಲೇಬೇಕು.

ಎರಡನೆಯ ತೊಂದರೆ ಅಳತೆಯದು. ‘ರೂಯಿನ್ಡ್’ ಎನ್ನುವುದು ತೀರ್ಪು, ಅದಕ್ಕೆ ಪ್ರಮಾಣವಿಲ್ಲ. ಶೇಕಡಾ 40ರಷ್ಟು ರೂಯಿನ್ಡ್ ಎಂದು ಇಂಗ್ಲಿಷಿನವರು ಹೇಳುವುದಿಲ್ಲ. ‘ಡ್ಯಾಮೇಜ್ಡ್’, ‘ಲಾಸ್ಟ್’ ಎಂಬ ಪದಗಳಿಗೆ ಅಳತೆ ಹಿಡಿಯಬಹುದು. ಕಚೇರಿಗಳು ಓದುವುದು ಅಳತೆಯನ್ನು. ಪ್ರಕೃತಿ ವಿಕೋಪದಲ್ಲಿ ಬೆಳೆ ಹೋದಾಗ ಸರಕಾರ ಕೊಡುವ ಪರಿಹಾರಕ್ಕೂ ಶೇಕಡಾ 33 ಎಂಬ ಗಡಿ ಇದೆ, ನಷ್ಟ ಅದಕ್ಕಿಂತ ಕಡಿಮೆಯಾದರೆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಎಷ್ಟು ಎಕರೆ, ಕಳೆದ ವರ್ಷ ಎಷ್ಟು ಕ್ವಿಂಟಾಲ್, ಈ ವರ್ಷ ಎಷ್ಟು ಎಂದು ಬರೆಯಿರಿ. ವಾಕ್ಯ ಹೀಗಿರಲಿ: ‘ಎ ಲಾರ್ಜ್ ಪಾರ್ಟ್ ಆಫ್ ಮೈ ಅರೆಕಾನಟ್ ಕ್ರಾಪ್ ವಾಸ್ ಲಾಸ್ಟ್ ಟು ಫ್ರೂಟ್ ರಾಟ್ ದಿಸ್ ಮಾನ್ಸೂನ್.’ ಕೊಳೆರೋಗಕ್ಕೆ ಇಂಗ್ಲಿಷಿನಲ್ಲಿ ‘ಫ್ರೂಟ್ ರಾಟ್’ ಎನ್ನುತ್ತಾರೆ. ಕೃಷಿ ವಿಜ್ಞಾನದವರು ‘ಕೊಳೆರೋಗ’ ಎಂಬ ನಮ್ಮ ಪದವನ್ನೇ ಇಂಗ್ಲಿಷಿನಲ್ಲೂ ಬರೆಯುತ್ತಾರೆ, ಹಾಗಾಗಿ ಅದನ್ನು ಪಕ್ಕದಲ್ಲೇ ಸೇರಿಸಿದರೂ ಸರಿಯೇ. ‘ಐ ಆಮ್ ರೂಯಿನ್ಡ್’ ಇದ್ದ ಜಾಗದಲ್ಲಿ ಎಷ್ಟು ತಿಂಗಳ ಗಡುವು ಬೇಕು, ಯಾವ ತಿಂಗಳಿಂದ ಕಟ್ಟಬಲ್ಲಿರಿ ಎಂದು ಬರೆಯಿರಿ.

ಹಾಗಾದರೆ ಈ ಪದಕ್ಕೆ ಸರಿಯಾದ ಜಾಗ ಯಾವುದು? ನಾನು ಪಾಠ ಮಾಡುವಾಗ ಹುಡುಗರು ರೂಯಿನ್, ಡಿಸ್ಟ್ರಾಯ್, ಡ್ಯಾಮೇಜ್, ಸ್ಪಾಯಿಲ್ ನಾಲ್ಕಕ್ಕೂ ‘ಹಾಳುಮಾಡು’ ಎಂದೇ ಬರೆದುಕೊಳ್ಳುತ್ತಿದ್ದರು. ತಪ್ಪೇನಲ್ಲ, ನಮ್ಮ ‘ಹಾಳು’ ಅಷ್ಟು ಅಗಲದ ಪದ. ಆದರೆ ಇಂಗ್ಲಿಷಿನಲ್ಲಿ ಅವು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಗುಡ್ಡ ಜರಿದು ತೋಟದ ಮೇಲೆ ಕೂತು, ತೋಟವಿದ್ದ ಜಾಗದಲ್ಲಿ ಕೆಂಪುಮಣ್ಣು ಬಿಟ್ಟರೆ ಏನೂ ಇಲ್ಲವೆಂದರೆ ಅದು ‘ಡಿಸ್ಟ್ರಾಯ್ಡ್’. ವಸ್ತುವೇ ಇಲ್ಲವಾಯಿತು. ಬೇಲಿ ಮುರಿದು ನಾಲ್ಕು ಬಾಳೆಗಿಡ ಬಿದ್ದರೆ ‘ಡ್ಯಾಮೇಜ್ಡ್’, ಸರಿಮಾಡಬಹುದು. ‘ರೂಯಿನ್ಡ್’ ಇವೆರಡರ ನಡುವಿನದು. ವಸ್ತು ಕಣ್ಣೆದುರಿಗೇ ಇರುತ್ತದೆ, ಆದರೆ ಅದು ಯಾವುದಕ್ಕಾಗಿ ಇತ್ತೋ ಆ ಉಪಯೋಗಕ್ಕೆ ಬರುವುದಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆ ಅಕಾಲದ ಮಳೆಗೆ ನೆನೆದು ಬಣ್ಣ ಕೆಟ್ಟು ದರ ಕಳೆದುಕೊಂಡರೆ, ಅಲ್ಲಿ ಧಾರಾಳವಾಗಿ ‘ದಿ ರೈನ್ ರೂಯಿನ್ಡ್ ದಿ ಡ್ರೈಯಿಂಗ್ ನಟ್ಸ್’ ಎನ್ನಿ. ಅಡಿಕೆ ಅಲ್ಲೇ ಇದೆ, ಮಂಡಿಗೆ ಒಯ್ಯುವ ಮುಖವಿಲ್ಲ, ಅಷ್ಟೆ.

ಅಡುಗೆಮನೆಯಲ್ಲಿ ಇದು ಇನ್ನೂ ಸ್ಪಷ್ಟ. ರಾತ್ರಿ ಮಿಕ್ಕ ಸಾರು ಬೆಳಿಗ್ಗೆ ಹಳಸಿದರೆ ಅದು ‘ಸ್ಪಾಯಿಲ್’ ಆಯಿತು. ತನ್ನಷ್ಟಕ್ಕೆ ತಾನೇ ಕೆಟ್ಟಿತು. ಅದೇ ಸಾರಿಗೆ ಯಾರೋ ಎರಡು ಸಲ ಉಪ್ಪು ಹಾಕಿದರೆ ಅದನ್ನು ‘ರೂಯಿನ್’ ಮಾಡಿದರು. ರೂಯಿನ್ ಮಾಡುವುದಕ್ಕೆ ಯಾರೋ ಒಬ್ಬರು ಅಥವಾ ಏನೋ ಒಂದು ಬೇಕು: ಮಳೆ, ಉಪ್ಪು, ಕುಡಿತ, ಸಾಲ, ಅವಸರ. ‘ದಿ ಮಿಲ್ಕ್ ರೂಯಿನ್ಡ್’ ಎಂದು ಹಾಲನ್ನೇ ಕರ್ತೃವಾಗಿಸಿ ಇಂದಿನ ಇಂಗ್ಲಿಷಿನಲ್ಲಿ ಯಾರೂ ಬರೆಯುವುದಿಲ್ಲ. ಕನ್ನಡದಲ್ಲಿ ನಮಗೆ ‘ಹಾಳಾಗು’, ‘ಹಾಳುಮಾಡು’ ಎಂದು ಎರಡೂ ಸಲೀಸಾಗಿ ಬರುವುದರಿಂದ ಈ ತಪ್ಪು ಸುಲಭವಾಗಿ ನುಸುಳುತ್ತದೆ. ‘ರೆಕ್’ ಎನ್ನುವುದು ಹೆಚ್ಚಾಗಿ ಹಡಗು, ವಾಹನಗಳ ಅಪಘಾತಕ್ಕೆ, ‘ಡೆವಾಸ್ಟೇಟ್’ ಊರಿಗೆ ಊರೇ ನೆಲಕಚ್ಚಿದಾಗ. ನಿಮಗೆ ಇವೆರಡರ ಅಗತ್ಯ ಬೀಳದಿರಲಿ.

ಇದೆಲ್ಲ ಎಲ್ಲಿಂದ ಬಂತು ಎಂದರೆ, ಲ್ಯಾಟಿನ್ನಿನ ‘ರುಯೆರೆ’ ಎಂಬ ಧಾತುವಿನಿಂದ. ಕುಸಿದು ಬೀಳು ಎಂದು ಅರ್ಥ. ಅದರಿಂದ ‘ರುಯಿನಾ’, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ‘ರೂಯಿನ್’. ಮೊದಲು ಬಿದ್ದದ್ದು ಗೋಡೆ. ಮನೆತನ, ಮಾನ, ಬೆಳೆ, ಪ್ರವಾಸ ಎಲ್ಲ ಆಮೇಲೆ ಬಿದ್ದವು. ನಮ್ಮ ‘ಹಾಳು’ ಹಳಗನ್ನಡದಲ್ಲಿ ‘ಪಾೞ್’ ಆಗಿತ್ತು. ಪಕಾರ ಹಕಾರವಾದರೂ ಹಳೆಯ ರೂಪ ಪೂರ್ತಿ ಹೋಗಲಿಲ್ಲ, ಪಾಳುಬಾವಿ, ಪಾಳುಭೂಮಿ ಎಂದು ಈಗಲೂ ಹೇಳುತ್ತೇವೆ. ಆ ಪದದ ಒತ್ತು ಜನ ಬಿಟ್ಟುಹೋದ ಬರಿದುತನದ ಮೇಲೆ. ‘ಹಾಳೂರಿಗೆ ಉಳಿದವನೇ ಗೌಡ’ ಎನ್ನುವಾಗ ಊರಿನ ಗೋಡೆಗಳು ನೆಟ್ಟಗೆ ನಿಂತಿವೆಯೋ ಇಲ್ಲವೋ ಯಾರೂ ಕೇಳುವುದಿಲ್ಲ, ಜನ ಇಲ್ಲ ಎಂಬುದೇ ವಿಷಯ. ಮಾವನವರಿಗೆ ಬೋರ್ಡು ಚುಚ್ಚಿದ್ದು ಇಲ್ಲಿ. ಅವರು ‘ರೂಯಿನ್’ ಓದಿ ಒಳಗೆ ‘ಹಾಳು’ ಎಂದು ಕೇಳಿಸಿಕೊಂಡರು, ಹಾಳು ನಮ್ಮಲ್ಲಿ ಬೈಗುಳವೂ ಹೌದು.

ಇಂಗ್ಲಿಷಿನಲ್ಲಿ ಕೊನೆಗೊಂದು ‘ಎಸ್’ ಸೇರಿ ‘ರೂಯಿನ್ಸ್’ ಆದಾಗ ಆ ಕಹಿ ಬಹುಮಟ್ಟಿಗೆ ಹೋಗುತ್ತದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಶ್ರೀಮಂತರಿಗೆ ಪಾಳುಗೋಡೆಗಳ ಹುಚ್ಚು ಎಷ್ಟು ಹಿಡಿದಿತ್ತೆಂದರೆ, ತೋಟದಲ್ಲಿ ನಿಜವಾದ ಪಾಳುಕಟ್ಟಡ ಇಲ್ಲದವರು ಹೊಸದಾಗಿ ಅರ್ಧ ಬಿದ್ದ ಗೋಪುರ ಕಟ್ಟಿಸಿಕೊಳ್ಳುತ್ತಿದ್ದರು. ದುಡ್ಡು ಕೊಟ್ಟು ಪಾಳು ಕಟ್ಟಿಸಿದ್ದು! ಆ ಕಾಲದಿಂದ ‘ರೂಯಿನ್ಸ್’ ನೋಡಲು ಹೋಗುವುದು ಗೌರವದ ಪ್ರವಾಸವಾಯಿತು. ನಮ್ಮ ದೇಶದ ಕಾನೂನಿನಲ್ಲೂ ಆ ಪದವಿದೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯ ಶೀರ್ಷಿಕೆಯಲ್ಲಿ ‘ರಿಮೇನ್ಸ್’ ಎಂದಿದ್ದರೆ, ಅದರ ವಿವರಣೆಯಲ್ಲಿ ಕನಿಷ್ಠ ನೂರು ವರ್ಷ ಹಳೆಯದಾದ ‘ರೂಯಿನ್ಸ್ ಆರ್ ರೆಲಿಕ್ಸ್’ ಇರುವ ಜಾಗ ಎಂದು ಬರುತ್ತದೆ. ಮಾವನವರಿಗೆ ಇದನ್ನು ಹೇಳಿ ನೋಡಿ. ಒಪ್ಪದಿದ್ದರೆ ಒತ್ತಾಯ ಬೇಡ, ಅವರ ಸಂಕಟಕ್ಕೂ ಅರ್ಥವಿದೆ.

ಈಗ ವ್ಯಾಕರಣ. ‘ಎ ರೂಯಿನ್’ ಎಂದರೆ ಬಿದ್ದುಹೋದ ಒಂದು ಕಟ್ಟಡ. ಕೋಟೆ ಒಂದು ಕಟ್ಟಡವಲ್ಲ. ಹೆಬ್ಬಾಗಿಲು, ಬುರುಜು, ಕಂದಕ, ದರ್ಬಾರಿನ ಜಗಲಿ, ಅಕ್ಕತಂಗಿಯರ ಕೊಳ ಎಲ್ಲ ಸೇರಿದ ಹರಹು. ಅದಕ್ಕೆ ಬಹುವಚನ. ‘ನಗರ ಫೋರ್ಟ್ ರೂಯಿನ್ಸ್’ ಅಥವಾ ‘ರೂಯಿನ್ಸ್ ಆಫ್ ನಗರ ಫೋರ್ಟ್’. ಕ್ರಿಯಾಪದವೂ ಬಹುವಚನದ್ದೇ: ‘ದಿ ರೂಯಿನ್ಸ್ ಆರ್’, ‘ಈಸ್’ ಅಲ್ಲ. ನನ್ನ ಸಲಹೆ ಕೇಳುವುದಾದರೆ ಬೋರ್ಡಿನಲ್ಲಿ ಬರೀ ‘ನಗರ ಫೋರ್ಟ್’ ಎಂದು ಬರೆಸಿ ಬಾಣ ಹಾಕಿ. ಬಂದವರು ಕಣ್ಣಿಂದ ನೋಡುವ ವಿಷಯವನ್ನು ಗೇಟಿನಲ್ಲೇ ಹೇಳಬೇಕೆಂದಿಲ್ಲ. ಮಾವನವರೂ ಸುಮ್ಮನಾಗುತ್ತಾರೆ, ಪೇಂಟರನಿಗೆ ಎರಡನೇ ಸಲ ಕೊಡುವ ದುಡ್ಡೂ ಉಳಿಯುತ್ತದೆ. ಒಂದು ಪದ ಅಳಿಸಿದರಾಯಿತು.

ಅತಿಥಿಗಳಿಗೆ ಕೊಡುವ ಚೀಟಿಯಲ್ಲಿ ಕೋಟೆಯ ಕತೆ ಬರೆಯುವುದಿದ್ದರೆ ಒಂದು ಎಚ್ಚರಿಕೆ. ಕೆಳದಿ, ಇಕ್ಕೇರಿಗಳ ನಂತರ ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿ 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಕಿತ್ತುಕೊಂಡ. ಅವನಿಟ್ಟ ಹೈದರ್‌ನಗರ ಎಂಬ ಹೆಸರಿನ ಬಾಲವೇ ಇಂದಿನ ನಗರ. ಇದನ್ನು ಇಂಗ್ಲಿಷಿನಲ್ಲಿ ‘ದಿ ಫೋರ್ಟ್ ಫೆಲ್ ಇನ್ 1763’ ಎನ್ನುತ್ತಾರೆ. ಫೆಲ್ ಎಂದರೆ ವೈರಿಯ ವಶವಾಯಿತು, ಗೋಡೆ ಬಿತ್ತೆಂದಲ್ಲ. ಅದಾದ ಇಪ್ಪತ್ತು ವರ್ಷಕ್ಕೆ, 1783ರಲ್ಲಿ, ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಅದೇ ಕೋಟೆಯನ್ನು ಹಿಡಿದ, ಅದೇ ವರ್ಷ ಟಿಪ್ಪು ಮರಳಿ ಗೆದ್ದ. ಬಿದ್ದುಹೋದ ಕೋಟೆಗಾಗಿ ಯಾರೂ ಹಾಗೆ ಹೊಡೆದಾಡುವುದಿಲ್ಲ. ಕಟ್ಟಡ ಪಾಳುಬಿದ್ದುದನ್ನು ಹೇಳಬೇಕಾದರೆ ‘ಫೆಲ್ ಇನ್‌ಟು ರೂಯಿನ್’ ಎನ್ನಬೇಕು, ಅಲ್ಲಿ ‘ಎಸ್’ ಇಲ್ಲ. ಈಗಿನ ಸ್ಥಿತಿಗೆ ‘ಇನ್ ರೂಯಿನ್ಸ್’, ಅಲ್ಲಿ ‘ಎಸ್’ ಇದೆ. ಯಾಕೆ ಹೀಗೆಂದರೆ ಮೊದಲನೆಯದು ನಡೆಯುವ ಕ್ರಿಯೆಯ ಹೆಸರು, ಎರಡನೆಯದು ಉಳಿದ ಚೂರುಗಳು.

ತೀರ್ಥಹಳ್ಳಿ ಕಡೆಯ ಕವಲೇದುರ್ಗಕ್ಕೂ ‘ರೂಯಿನ್ಸ್’ ಹೊಂದುತ್ತದೆ, ಅಲ್ಲಿನ ಅರಮನೆಯ ಅಡಿಪಾಯ, ಕಲ್ಲಿನ ಒಲೆ ನೋಡಿದವರಿಗೆ ಅನುಮಾನವೇ ಬಾರದು. ಇಕ್ಕೇರಿಯಲ್ಲಿ ಜಾಗ್ರತೆ ಬೇಕು. ಅಲ್ಲಿನ ಅರಮನೆ, ಕೋಟೆ ಹೋದವು, ಅಘೋರೇಶ್ವರ ದೇವಸ್ಥಾನದಲ್ಲಿ ಪೂಜೆ ನಡೆಯುತ್ತಿದೆ. ಎಷ್ಟೇ ಹಳೆಯದಾದರೂ ದೀಪ ಹಚ್ಚುವ ದೇವಸ್ಥಾನವನ್ನು ‘ರೂಯಿನ್’ ಎನ್ನುವುದಿಲ್ಲ, ಕೆಲವು ಪ್ರವಾಸಿಗರು ಅಂತರ್ಜಾಲದಲ್ಲಿ ಹಾಗೆ ಬರೆಯುವುದು ಉಡಾಫೆ. ಬೇಸಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮೇಲೇಳುವ ಮಡೆನೂರಿನ ಹಳೆಯ ಅಣೆಕಟ್ಟೂ ಅಷ್ಟೆ. 1964ರಲ್ಲಿ ಹೊಸ ಅಣೆಕಟ್ಟು ಬಂದು ಅದು ಮುಳುಗಿತೇ ಹೊರತು ಮುರಿಯಲಿಲ್ಲ. ಅದು ‘ಸಬ್‌ಮರ್ಜ್ಡ್’.

‘ರೂಯಿನ್’ ನಿಧಾನವಾಗಿ ಆಗುವುದನ್ನು ಕಣ್ಣಾರೆ ನೋಡಲು ಕೋಟೆಗೇ ಹೋಗಬೇಕೆಂದಿಲ್ಲ. ನಿಮ್ಮ ಸುತ್ತಲಿನ ಹಳ್ಳಿಗಳಲ್ಲೇ ಮಕ್ಕಳು ಬೆಂಗಳೂರು ಸೇರಿ ಬೀಗ ಬಿದ್ದ ಮನೆಗಳಿರುತ್ತವೆ. ಮೊದಲ ಮಳೆಗಾಲ ಮಂಗ ಹಾರಿ ಒಂದು ಹೆಂಚು ಸರಿಯುತ್ತದೆ. ಮೇಲೆ ಹತ್ತಿ ಸರಿಮಾಡುವವರಿಲ್ಲ. ಆ ಸಂದಿಯಿಂದ ಇಳಿದ ನೀರಿಗೆ ರೀಪು ಮೆತ್ತಗಾಗುತ್ತದೆ, ಪಕಾಸಿಗೆ ಗೆದ್ದಲು ಹತ್ತುತ್ತದೆ, ಒಂದು ಸಾಲು ಹೆಂಚು ಒಟ್ಟಿಗೆ ಕುಸಿಯುತ್ತದೆ. ಆಮೇಲೆ ಮಣ್ಣಿನ ಗೋಡೆ ನೆತ್ತಿಯಿಂದ ನೆನೆಯಲು ಶುರು. ನಮ್ಮ ಕಡೆಯ ಮಳೆಗೆ ಮಾಡು ಇಲ್ಲದ ಮಣ್ಣಿನ ಗೋಡೆ ಹೆಚ್ಚು ವರ್ಷ ನಿಲ್ಲುವುದಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಜೋಡುಮಾತಿದೆ, ‘ಗೋ ಟು ರ್‍ಯಾಕ್ ಅಂಡ್ ರೂಯಿನ್’. ಈ ‘ರ್‍ಯಾಕ್’ ಪುಸ್ತಕ ಇಡುವ ರ್‍ಯಾಕ್ ಅಲ್ಲ, ನಾಶ ಎಂಬರ್ಥದ ‘ರೆಕ್’ ಪದದ ದಾಯಾದಿ. ನೋಡಿಕೊಳ್ಳುವವರಿಲ್ಲದೆ ಹೋದದ್ದಕ್ಕೆ ಮಾತ್ರ ಇದು ಸಲ್ಲುತ್ತದೆ. ಒಂದೇ ರಾತ್ರಿ ಬಿರುಗಾಳಿಗೆ ಹಾರಿದ ಮಾಡಿಗೆ ಬಳಸಬಾರದು.

ಅತಿಥಿಯ ಮಾತಿಗೆ ಬರುತ್ತೇನೆ. ಪದ ಎಷ್ಟು ಭಾರದ್ದೋ ಮಾತಿನಲ್ಲಿ ಅಷ್ಟೇ ಹಗುರವಾಗಿಯೂ ಓಡಾಡುತ್ತದೆ. ಅಂಗಿಗೆ ಸಾರು ಚೆಲ್ಲಿದರೆ ‘ರೂಯಿನ್ಡ್ ಮೈ ಶರ್ಟ್’, ಸಿನಿಮಾದ ಕೊನೆ ಮೊದಲೇ ಹೇಳಿಬಿಟ್ಟರೆ ‘ಯು ರೂಯಿನ್ಡ್ ಇಟ್’. ‘ರೈನ್ ರೂಯಿನ್ಡ್ ಅವರ್ ಪ್ಲಾನ್ಸ್’ ಎಂದರೆ ಮಳೆಯಿಂದ ಕೊಡಚಾದ್ರಿ ಹತ್ತಲಾಗಲಿಲ್ಲ ಎಂಬಷ್ಟೇ ಮಾತು. ಕರ್ತೃ ಯಾರು ನೋಡಿ: ಮಳೆ. ನಿಮ್ಮ ಮನೆಯಲ್ಲ, ನಿಮ್ಮ ಊಟವಲ್ಲ. ಆ ವಾಕ್ಯದ ಮುಂದೆ ‘ಬಟ್’ ಎಂದು ಏನಾದರೂ ಇದೆಯೇ ಎಂದು ಪುಸ್ತಕ ತೆರೆದು ಇನ್ನೊಮ್ಮೆ ಓದಿ. ಮಳೆಯನ್ನು ಬೈದವರು ಸಾಮಾನ್ಯವಾಗಿ ಅದಾದ ಮೇಲೆ ಕಡುಬನ್ನು ಹೊಗಳಿರುತ್ತಾರೆ.

ಮಗಳು ಓದುವ ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ‘ಎ ರೂಯಿನ್ಡ್ ವುಮನ್’ ಎಂದು ಬಂದರೆ ದಿವಾಳಿಯಾದ ಹೆಂಗಸು ಎಂದುಕೊಳ್ಳಬಾರದು. ಮದುವೆಯಿಲ್ಲದೆ ಗಂಡಿನ ಸಹವಾಸ ಮಾಡಿದಳೆಂದು ಸಮಾಜ ಹೊರಗಿಟ್ಟ ಹೆಣ್ಣಿಗೆ ಆ ಕಾಲದವರು ಹಾಗೆನ್ನುತ್ತಿದ್ದರು. ಗಂಡಿಗೆ ಆ ಅರ್ಥದಲ್ಲಿ ಬಳಸಿದ್ದು ಕಾಣುವುದಿಲ್ಲ, ಅವನು ‘ರೂಯಿನ್ಡ್’ ಆದರೆ ಜೂಜಿನಿಂದಲೋ ಸಾಲದಿಂದಲೋ. ಇಂದು ಯಾವ ಹೆಣ್ಣಿನ ಬಗ್ಗೆಯೂ ಆ ಮಾತು ಆಡುವಂಥದ್ದಲ್ಲ. ‘ಮದರ್ಸ್ ರೂಯಿನ್’ ಎಂದು ಬಂದರೆ ಮಾತ್ರ ನಗಬಹುದು. ಅದು ಜಿನ್ ಎಂಬ ಮದ್ಯದ ಅಡ್ಡಹೆಸರು. ಕುಡಿತಕ್ಕೆ ‘ಮನೆಹಾಳು’ ಎಂದು ನಾವು ಹೇಳುವ ಧಾಟಿಯೇ.

‘ರೂಯಿನಸ್’ ಎಂಬ ಗುಣವಾಚಕ ಹೆಚ್ಚಾಗಿ ಖರ್ಚಿಗೆ, ಬಡ್ಡಿಗೆ. ‘ರೂಯಿನಸ್ ಇಂಟರೆಸ್ಟ್’ ಎಂದರೆ ಮನೆ ಮುಳುಗಿಸುವ ಬಡ್ಡಿ. ಕೈಸಾಲದವರ ಬಡ್ಡಿಗೆ ಹೇಳಿ, ಬ್ಯಾಂಕಿನ ಪತ್ರದಲ್ಲಿ ಬೇಡ.

ಉಚ್ಚಾರಣೆ ಎರಡು ತುಂಡು: ರೂ, ಇನ್. ನಡುವೆ ನಮ್ಮ ನಾಲಿಗೆ ಒಂದು ಯಕಾರ ಸೇರಿಸುತ್ತದೆ, ಅಡ್ಡಿಯಿಲ್ಲ. ‘ಇಡಿ’ ಸೇರಿದಾಗ ‘ರೂಯಿನೆಡ್’ ಎಂದು ಮೂರು ತುಂಡು ಮಾಡಬೇಡಿ, ‘ರೂಯಿನ್ಡ್’ ಎಂದು ಎರಡರಲ್ಲೇ ಮುಗಿಸಿ. ಪತ್ರದ ಜೊತೆ ಪಹಣಿಯ ನಕಲು, ಉದುರಿದ ಕಾಯಿಯ ಫೋಟೊ, ಹೋದ ವರ್ಷ ಅಡಿಕೆ ಮಾರಿದ ರಸೀತಿ ಲಗತ್ತಿಸಿ. ಮ್ಯಾನೇಜರು ಮೊದಲು ತಿರುವಿ ನೋಡುವುದು ಅವನ್ನೇ.